ಜಾಂಬಿಯಾದಲ್ಲಿ ನಮ್ಮ ಸೇವೆ: ಪದೇ ಪದೇ ಕೇಳೋ ಪ್ರಶ್ನೆಗಳು

ನಾನೂ ನಮ್ಮನೆಯವರೂ ಜಾಂಬಿಯಾದಲ್ಲಿ ಬೈಬಲ್ ಕಲಿಸೋ ಮಿಷನರಿಗಳು. ರಜೆಗೆ ಬಂದಾಗೆಲ್ಲ ಯಾವ ಸಭೆಗೆ (ಅಂದ್ರೆ ಚರ್ಚಿಗೆ) ಹೋದ್ರೂ ಅವೇ ಪ್ರಶ್ನೆಗಳು, ವಾಟ್ಸಾಪಲ್ಲೂ ಅವೇ, ಒಂದ್ಸಲ ಎಲ್ಲಾ ಒಂದೇ ಕಡೆ ಬರೆದಿಟ್ಟುಬಿಡೋಣ ಅಂತ ಕೂತಿದೀನಿ. ಬರೀತಿರೋದು ನಾನು, ನಮ್ಮನೆಯವರಲ್ಲ. ಅವರು ಬರೆದ್ರೆ ಮೂರು ಪಾಯಿಂಟಿನ ಪ್ರಸಂಗ (ಚರ್ಚಲ್ಲಿ ಮಾಡೋ ಉಪದೇಶ) ಆಗೋಗುತ್ತೆ.

ಜಾಂಬಿಯಾ ಅಂದ್ರೆ ಎಲ್ಲಿ?

ಗಾಂಬಿಯಾ ಅಲ್ಲ, ಅದು ಬೇರೆ. ಜಾಂಬಿಯಾ ಆಫ್ರಿಕಾದ ದಕ್ಷಿಣದ ಕಡೆ, ಸಮುದ್ರ ಇಲ್ಲ, ಸುತ್ತಲೂ ಎಂಟು ದೇಶ. 1964ರ ಅಕ್ಟೋಬರ್ 24ಕ್ಕೆ ಸ್ವತಂತ್ರ ಆಗೋ ತನಕ ಉತ್ತರ ರೊಡೇಶಿಯಾ ಅಂತಿದ್ರು. ರಾಜಧಾನಿ ಲುಸಾಕಾ. ನಾವಿರೋದು ಉತ್ತರದಲ್ಲಿ, ಕಸಾಮ ಕಡೆ, ಲುಸಾಕಾದಿಂದ ಸುಮಾರು 850 ಕಿಲೋಮೀಟರ್, ಬಸ್ಸಲ್ಲಿ ಇಡೀ ದಿನ, ದಾರೀಲಿ ಲಾರಿ ಗೀರಿ ಮಗುಚಿದ್ರೆ ರಾತ್ರಿನೂ ಅದೇ ಬಸ್ಸಲ್ಲೇ.

ಅಲ್ಲಿ ಎಲ್ರೂ ಕ್ರೈಸ್ತರೇ ಅಂತಾರಲ್ಲ, ಮತ್ತೆ ನೀವು ಅಲ್ಲೇನ್ ಮಾಡೋಕೆ ಹೋಗಿದ್ದು?

ಇದನ್ನ ಕೇಳಿದವರಲ್ಲಿ ಅರ್ಧ ಜನ ಕುತೂಹಲಕ್ಕೆ ಕೇಳ್ತಾರೆ, ಇನ್ನರ್ಧ ಜನ ನಮ್ಮನ್ನ ಹಿಡಿದುಹಾಕಿದ್ವಿ ಅಂತ ಕೇಳ್ತಾರೆ, ಆದ್ರೆ ಪ್ರಶ್ನೆ ಸರಿಯಾಗೇ ಇದೆ. 1991ರ ಡಿಸೆಂಬರಲ್ಲಿ ಆಗಿನ ಅಧ್ಯಕ್ಷ ಚಿಲುಬಾ ಇದು ಕ್ರೈಸ್ತ ದೇಶ ಅಂತ ಘೋಷಿಸಿದ್ರು, 1996ರಲ್ಲಿ ಅದು ಸಂವಿಧಾನದ ಪೀಠಿಕೆಗೂ ಬಂತು. 2010ರ ಜನಗಣತಿ ಪ್ರಕಾರ ನೂರಕ್ಕೆ 75 ಜನ ಪ್ರೊಟೆಸ್ಟೆಂಟರು, 20 ಜನ ಕ್ಯಾಥೋಲಿಕರು. ಅಕ್ಟೋಬರ್ 18 ಬಂತಂದ್ರೆ ರಾಷ್ಟ್ರೀಯ ಪ್ರಾರ್ಥನಾ ದಿನ ಅಂತ ಸರ್ಕಾರಿ ರಜೆ ಬೇರೆ. ಯೇಸು ಹೆಸರು ಕೇಳದೇ ಇರೋ ಊರನ್ನ ನಾವಂತೂ ನೋಡಿಲ್ಲ.

ಇಲ್ಲಿ ಸಭೆಗಳು ಹುಟ್ಟೋ ಸ್ಪೀಡಿಗೆ ಪಾಸ್ಟರುಗಳು ಕಲಿಯೋಕಾಗ್ತಿಲ್ಲ, ನಮ್ಮ ಕೆಲಸ ಶುರುವಾಗೋದು ಅಲ್ಲಿಂದ. ಒಂದು ಮಾವಿನ ಮರದ ಕೆಳಗೆ ಹತ್ತು ಮನೆಯವರು ಸೇರ್ತಾರೆ, ಅದರಲ್ಲಿ ಚೆನ್ನಾಗಿ ಓದೋಕೆ ಬರೋನು ವಾಕ್ಯ ಹೇಳ್ತಾನೆ, ಎರಡು ವರ್ಷದಲ್ಲಿ ಅವನೇ ಪಾಸ್ಟರ್. ಅವನ ಹತ್ರ ಬೈಬಲ್ ಒಂದಿದೆ, ಎಷ್ಟೋ ಸಲ ರಟ್ಟು ಕಿತ್ತೋಗಿ ಕೊನೇ ಪುಸ್ತಕ ಪ್ರಕಟನೆಯ ಕೊನೇ ಅಧ್ಯಾಯಗಳೇ ಇರಲ್ಲ. ಅವನ ನಂಬಿಕೆ ಬಗ್ಗೆ ನಾನು ಒಂದು ಮಾತೂ ಆಡಲ್ಲ, ನನಗಿಂತ ಗಟ್ಟಿ. ಅವನು ಕೇಳೋದು ಇಷ್ಟೇ, ಯೆಹೆಜ್ಕೇಲನ ಪುಸ್ತಕ ಹೆಂಗೆ ಓದ್ಬೇಕು, ಟೌನಿಂದ ಬಂದ ಪ್ರವಾದಿ ಒಬ್ಬ "ಬೀಜ" (ಕೊಟ್ಟಿದ್ದನ್ನ ದೇವರು ಹಲವು ಪಟ್ಟು ವಾಪಸ್ ಕೊಡ್ತಾನೆ) ಅಂತ ದುಡ್ಡು ಬಿತ್ತಿಸ್ಕೊಂಡು ಹೋಗಿದ್ದಾನೆ, ಜನಕ್ಕೆ ನಾನೇನ್ ಹೇಳ್ಲಿ, ಅಂತ.

ಹಾಗಾದ್ರೆ ದಿನಾ ಏನ್ ಕೆಲಸ?

ಇಲ್ಲಿನ ಸಭೆಗಳ ಒಕ್ಕೂಟ ನಡೆಸೋ ಒಂದು ಚಿಕ್ಕ ಬೈಬಲ್ ಕಾಲೇಜಲ್ಲಿ ಪಾಠ. ಪ್ರಿನ್ಸಿಪಾಲರು ಜಾಂಬಿಯಾದವರು, ನಾವು ಅವರ ಕೆಳಗೆ ಕೆಲಸ ಮಾಡ್ತೀವಿ (ಕೆಲವರಿಗೆ ಇದು ಕೇಳಿ ಶಾಕ್ ಆಗುತ್ತೆ, ಯಾಕೋ ಗೊತ್ತಿಲ್ಲ). ವಿದ್ಯಾರ್ಥಿಗಳು ಅಂದ್ರೆ ಹುಡುಗರು ಅಂದ್ಕೋಬೇಡಿ, ಇಪ್ಪತ್ತೆರಡರಿಂದ ಅರವತ್ತರ ತನಕ ಇದ್ದಾರೆ, ಹೆಚ್ಚಿನವರು ಆಗ್ಲೇ ಸಭೆ ನೋಡ್ಕೊಳ್ತಿರೋರು. ಎರಡು ವಾರ ಬಂದು ಕೂತು ಕಲೀತಾರೆ, ಮನೆಗೆ ಹೋಗಿ ಎರಡು ತಿಂಗಳು ಓದಿ ಬರೀತಾರೆ, ಮತ್ತೆ ಬರ್ತಾರೆ.

ಟೈಮ್‌ಟೇಬಲ್ ಮಾಡೋದು ನಾವಲ್ಲ, ಮಳೆ. ನವೆಂಬರಲ್ಲಿ ಮಳೆ ಹಿಡಿದ್ರೆ ಎಲ್ರೂ ಮೆಕ್ಕೆಜೋಳ ಬಿತ್ತಬೇಕು, ಆಗ ಕ್ಲಾಸ್ ಇಟ್ರೆ ಒಬ್ರೂ ಬರಲ್ಲ, ಬರಲೂ ಬಾರದು, ಯಾಕಂದ್ರೆ ಆ ಹೊಲನೇ ಅವರ ಸಂಬಳ. ಜನವರಿ, ಫೆಬ್ರವರಿಲಿ ಕಣಜ ಖಾಲಿ, ಹಸಿವಿನ ತಿಂಗಳು, ಆಗಲೂ ಆಗಲ್ಲ. ಮೊದಲನೇ ವರ್ಷ ನಮ್ಮನೆಯವರು ಭಾರೀ ನೀಟಾಗಿ ಹನ್ನೆರಡು ತಿಂಗಳ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ರು, ಪ್ರಿನ್ಸಿಪಾಲರು ನೋಡಿ ನಕ್ಕು ಏನೂ ಅನ್ನದೆ ಹೋದ್ರು. ಡಿಸೆಂಬರ್ ಕ್ಲಾಸಿಗೆ ಬಂದಿದ್ದು ಮೂರು ಜನ, ಅದರಲ್ಲಿ ಒಬ್ರು ಕ್ಷಮೆ ಕೇಳೋಕೆ ಬಂದಿದ್ದು.

ಊರು ಬಿಡದೆ, ಸೇವೆ ಬಿಡದೆ ಕಲಿಯೋ ಈ ಪದ್ಧತಿ ನಮ್ಮ ಐಡಿಯಾ ಅಲ್ಲ. 1963ರಲ್ಲಿ ಗ್ವಾಟೆಮಾಲಾದ ಒಂದು ಪ್ರೆಸ್ಬಿಟೇರಿಯನ್ ಸೆಮಿನರಿಯವರು (ಪಾಸ್ಟರುಗಳನ್ನ ತಯಾರು ಮಾಡೋ ಕಾಲೇಜು), ಪಾಸ್ಟರುಗಳು ಪಟ್ಟಣಕ್ಕೆ ಓದೋಕೆ ಬಂದ್ರೆ ಹಳ್ಳಿಗೆ ವಾಪಸ್ ಹೋಗ್ತಿಲ್ಲ ಅಂತ ನೋಡಿ, ಸೆಮಿನರಿನೇ ಹಳ್ಳಿಗೆ ತಗೊಂಡು ಹೋದ್ರು. ಅಲ್ಲಿಂದ ಅದು ಆಫ್ರಿಕಾ, ಏಷ್ಯಾ ಎಲ್ಲಾ ಕಡೆ ಹಬ್ಬಿತು.

ವಾರದ ಕೊನೇಲಿ ಹಳ್ಳಿ ಸಭೆಗಳಿಗೆ ಹೋಗ್ತೀವಿ. ಆರಾಧನೆ ಮೂರು ಗಂಟೆ, ಕಾಯರ್ (ಹಾಡೋ ತಂಡ) ಒಂದಲ್ಲ ನಾಲ್ಕು, ಕಾಣಿಕೆ ಹಾಕೋಕೂ ಕುಣ್ಕೊಂಡೇ ಹೋಗೋದು.

ಕ್ಲಾಸಲ್ಲಿ ಏನೇನ್ ಕಲಿಸ್ತೀರಾ?

ಹಳೇ ಒಡಂಬಡಿಕೆ, ಮಾರ್ಕನ ಸುವಾರ್ತೆ, ರೋಮಾಪುರದವರಿಗೆ ಬರೆದ ಪತ್ರ, ಸಭಾಚರಿತ್ರೆ, ಪ್ರಸಂಗ ಮಾಡೋದು. ಜೊತೆಗೆ ಲೆಕ್ಕ ಬರೆಯೋದು. ನಗಬೇಡಿ, ಸಭೆ ಒಡೆಯೋದು ಸಿದ್ಧಾಂತದ ಜಗಳಕ್ಕಿಂತ ಕಾಣಿಕೆ ಲೆಕ್ಕದ ಜಗಳಕ್ಕೇ ಜಾಸ್ತಿ, ಎರಡು ಸಹಿ ಇಲ್ಲದೆ ದುಡ್ಡು ತೆಗೀಬಾರದು ಅನ್ನೋ ಒಂದು ಪಾಠ ಎಷ್ಟು ಸಭೆ ಉಳಿಸಿದೆಯೋ.

ನಾವು ಕಲಿಸೋದಕ್ಕಿಂತ ಕಲಿಯೋದು ಹೆಚ್ಚು ಅಂತ ಎಲ್ಲಾ ಮಿಷನರಿಗಳೂ ಹೇಳ್ತಾರೆ, ಕೇಳಿ ಕೇಳಿ ನನಗೇ ಬೇಜಾರು, ಅದಕ್ಕೆ ನಡೆದ ಒಂದು ಸಂಗತಿ ಹೇಳ್ತೀನಿ. ಬೈಬಲಿನ ಯೋಬನ ಪುಸ್ತಕ ಪಾಠ ಮಾಡ್ತಿದ್ದೆ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡ ಒಬ್ಬ ಒಳ್ಳೇ ಮನುಷ್ಯನ ಕಥೆ ಅದು. ಯೋಬನ ಮೂವರು ಗೆಳೆಯರು ಕೆಟ್ಟ ಸಮಾಧಾನಗಾರರು ಅಂತ ನೋಟ್ಸಲ್ಲಿ ಇದ್ದಿದ್ದನ್ನ ಬೋರ್ಡ್ ಮೇಲೆ ಬರೆದೆ. ಹಿಂದಿನ ಬೆಂಚಲ್ಲಿ ಕೂತಿದ್ದ ಐವತ್ತೈದು ದಾಟಿದ ಒಬ್ರು ಪಾಸ್ಟರ್ ಎದ್ದು ನಿಂತು, "ಟೀಚರ್, ಎರಡನೇ ಅಧ್ಯಾಯದ ಕೊನೇ ವಚನ ಇನ್ನೊಂದ್ಸಲ ಓದಿ" ಅಂದ್ರು. ಓದಿದೆ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತಿದ್ರು, ಯಾರೂ ಒಂದು ಮಾತೂ ಆಡಲಿಲ್ಲ. "ಅಲ್ಲಿ ತನಕ ಅವರು ನಮ್ಮ ಊರವರೇ" ಅಂದ್ರು. ಇಲ್ಲಿ ಸಾವಿನ ಮನೆಗೆ ಹೋದ್ರೆ ಹಂಗೇ, ಗಂಡಸರು ಹೊರಗೆ ಬೆಂಕಿ ಸುತ್ತ, ಹೆಂಗಸರು ಒಳಗೆ ನೆಲದ ಮೇಲೆ, ದಿನಗಟ್ಟಲೆ ಸುಮ್ನೆ ಕೂರೋದು. ಆಮೇಲೆ ಅವರೇ, "ತಪ್ಪು ಶುರುವಾಗಿದ್ದು ಬಾಯಿ ಬಿಟ್ಟಾಗ, ಯಾಕಂದ್ರೆ ಬಾಯಿ ಬಿಟ್ಟ ತಕ್ಷಣ ಯಾರು ಮಾಡಿದ್ದು ಅಂತ ಹುಡುಕೋಕೆ ಶುರು ಮಾಡಿದ್ರು" ಅಂದ್ರು. ಇಡೀ ಕ್ಲಾಸ್ ಸೈಲೆಂಟು. ಆ ವರ್ಷ ಅವರು ಮಗನನ್ನ ಮಣ್ಣು ಮಾಡಿದ್ರು ಅಂತ ನನಗೆ ಗೊತ್ತಾಗಿದ್ದು ಸಂಜೆ. ಬೋರ್ಡ್ ಮೇಲಿನ ಸಾಲನ್ನ ನಾನೇ ಒರೆಸಿದೆ.

ಮಾಟ ಮಂತ್ರ ಅಂತೆಲ್ಲ ನಂಬ್ತಾರಂತೆ, ನಿಜಾನಾ?

ತುಂಬಾ ಜನ ನಂಬ್ತಾರೆ, ಸಭೆಗೆ ಬರೋರೂ. ಮಗು ಸತ್ರೆ "ಯಾಕೆ ಸತ್ತಿತು" ಅನ್ನೋದಕ್ಕಿಂತ ಮೊದಲು "ಯಾರು ಮಾಡಿಸಿದ್ದು" ಅನ್ನೋ ಪ್ರಶ್ನೆ ಬರುತ್ತೆ, ಊರಲ್ಲಿ ಒಂಟಿ ಮುದುಕಿ ಇದ್ರೆ ಕಣ್ಣೆಲ್ಲ ಅವಳ ಮೇಲೆ. ಇದನ್ನ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋದು ಸುಲಭ, ಹಳೇ ಮಿಷನರಿಗಳು ಸುಮಾರು ಹಂಗೇ ಮಾಡಿದ್ರು, ಅದರ ಫಲ ನಮ್ಮ ಪಕ್ಕದ ಚಿನ್ಸಾಲಿಲೇ ನೋಡಬಹುದು. 1953ರಲ್ಲಿ ಅಲ್ಲಿ ಅಲಿಸ್ ಲೆನ್ಶಿನಾ ಅನ್ನೋ ಹಳ್ಳಿ ಹೆಂಗಸು ನಾನು ಸತ್ತು ಬದುಕಿ ಬಂದೆ, ತಾಯಿತ, ಮಾಟದ ಸಾಮಾನು ಎಲ್ಲಾ ತಂದು ಒಪ್ಪಿಸಿಬಿಡಿ ಅಂತ ಸಾರಿದಳು. ಜನರ ಭಯಕ್ಕೆ ಅವಳು ನೇರವಾಗಿ ಉತ್ತರ ಕೊಟ್ಟಳು, ಸಾವಿರಾರು ಜನ ಮಿಷನ್ ಸಭೆಗಳನ್ನ ಬಿಟ್ಟು ಅವಳ ಹಿಂದೆ ಹೋದ್ರು. ಅವಳ ಲುಂಪಾ ಸಭೆಗೂ ಸರ್ಕಾರಕ್ಕೂ 1964ರಲ್ಲಿ ಘರ್ಷಣೆ ಆಗಿ ನೂರಾರು ಜನ ಸತ್ರು, ಸಭೆಗೆ ನಿಷೇಧ ಬಿತ್ತು. ಈ ಪಾಠ ಮಾಡುವಾಗ ನಾನು ಹೆಚ್ಚು ಮಾತಾಡಲ್ಲ, ಪ್ರಿನ್ಸಿಪಾಲರೇ ತಗೋತಾರೆ.

ಭಾಷೆ ಕಷ್ಟ ಆಯ್ತಾ?

ಇಂಗ್ಲಿಷ್ ಆಡಳಿತ ಭಾಷೆ, ಅದರ ಜೊತೆ ರೇಡಿಯೋ, ಶಾಲೆಗಳಲ್ಲಿ ಬಳಸೋ ಏಳು ಪ್ರಾದೇಶಿಕ ಭಾಷೆ ಇವೆ, ನಮ್ಮ ಕಡೆ ಬೆಂಬಾ. ಕನ್ನಡದವರಿಗೆ ಇದರಲ್ಲಿ ಒಂದು ಲಾಭ ಇದೆ. ಹಿರಿಯರು ಒಬ್ರೇ ಇದ್ರೂ ನಾವು "ಬಂದ್ರು, ಕೂತ್ರು" ಅಂತ ಬಹುವಚನ ಹಾಕ್ತೀವಲ್ಲ, ಬೆಂಬಾದಲ್ಲೂ ಅದೇ, ಜನರ ಬಹುವಚನಕ್ಕೆ ಬರೋ "ಬಾ" ಅನ್ನೋದನ್ನೇ ಮರ್ಯಾದೆಗೆ ಮುಂದೆ ಸೇರಿಸ್ತಾರೆ. ತಾಯಿನ ಮಗುವಿನ ಹೆಸರು ಸೇರಿಸಿ ಕರೀತಾರೆ, ಬಾನಾ ಇಂಥೋರು, ತಂದೆನ ಬಾಶಿ ಇಂಥೋರು. ಮಗಳು ಹುಟ್ಟಿದ ಮೇಲೆ ನನ್ನ ಸ್ವಂತ ಹೆಸರು ಊರಲ್ಲಿ ಯಾರ ಬಾಯಲ್ಲೂ ಇಲ್ಲ. ನಾಮಪದಗಳ ಗುಂಪುಗಳು ಮಾತ್ರ ಜೀವ ಹಿಂಡುತ್ತವೆ, ಪದದ ಹಿಂದೆ ಅಲ್ಲ ಮುಂದೆ ಬದಲಾಗೋದು, ಅದಕ್ಕೆ ತಕ್ಕಂತೆ ಇಡೀ ವಾಕ್ಯ ಬದಲಾಗೋದು.

ಪದಗಳ ಅರ್ಥ ಇನ್ನೂ ಕಷ್ಟ. ಪವಿತ್ರಾತ್ಮನಿಗೆ ಬೆಂಬಾ ಬೈಬಲಲ್ಲಿ "ಉಮುಪಾಶಿ ವಾ ಮುಶಿಲೋ" ಅಂತಿದೆ, ಆದ್ರೆ ಉಮುಪಾಶಿ ಅಂದ್ರೆ ಸತ್ತ ಹಿರಿಯರ ಆತ್ಮ ಅಂತಲೂ ಹೌದು. ಹಂಗಾಗಿ ಪೆಂತೆಕೊಸ್ತ (ಪವಿತ್ರಾತ್ಮ ಇಳಿದು ಬಂದ) ದಿನದ ಪಾಠ ಮಾಡುವಾಗ ಅರ್ಧ ದಿನ ಈ ಒಂದು ಪದದ ಮೇಲೇ ಹೋಗುತ್ತೆ. ಹೋಗ್ಲಿ, ಅದಕ್ಕೇ ತಾನೇ ಇರೋದು.

ಮೊದಲಿಗೆ ಭಾಷೆ ಬರದೆ ಪ್ರಸಂಗ ಹೆಂಗ್ ಮಾಡಿದ್ರಿ?

ತರ್ಜುಮೆ ಮಾಡೋರನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು. ನಮ್ಮನೆಯವರು ಒಂದ್ಸಲ ಕೃಪೆ ಬಗ್ಗೆ ಹೇಳೋಕೆ ಲಿಫ್ಟ್ ಉದಾಹರಣೆ ಕೊಟ್ರು, ನೀವು ಮೆಟ್ಟಿಲು ಹತ್ತಲ್ಲ, ಸುಮ್ನೆ ನಿಂತ್ಕೋತೀರಾ, ಅದು ಎತ್ಕೊಂಡು ಹೋಗುತ್ತೆ ಅಂತ. ತರ್ಜುಮೆ ಮಾಡೋರು ಒಂದು ಕ್ಷಣ ಅವರ ಮುಖ ನೋಡಿದ್ರು, ಆಮೇಲೆ ಶುರು ಮಾಡಿ ಐದು ನಿಮಿಷ ಹೇಳಿದ್ರು, ಜನ ತಲೆದೂಗಿದ್ರು, ಕೆಲವರು ಚಪ್ಪಾಳೆ ತಟ್ಟಿದ್ರು. ಇವರಿಗೆ ಭಾರೀ ಖುಷಿ. ಎರಡು ವರ್ಷ ಆದ್ಮೇಲೆ ಭಾಷೆ ಬಂದಾಗ ಕೇಳಿದ್ರೆ ಗೊತ್ತಾಯ್ತು, ಅವರು ಲಿಫ್ಟ್ ಮಾತೇ ಎತ್ತಿರಲಿಲ್ಲ, ಮಳೆಗಾಲದಲ್ಲಿ ತುಂಬಿದ ಹೊಳೆ, ಈಜೋಕೆ ಬರದ ಮನುಷ್ಯ, ದೋಣಿಯವನು, ಅಂತ ಬೇರೆ ಪ್ರಸಂಗನೇ ಮಾಡಿದ್ರು. ಒಳ್ಳೇದೇ ಆಯ್ತು ಬಿಡಿ.

ಮಿಷನರಿ ಅಂದ್ರೆ ಬಿಳಿಯರು ಅಲ್ವಾ? ನಿಮ್ಮನ್ನ ಜನ ಹೆಂಗ್ ನೋಡ್ತಾರೆ?

ಅಂಗಡಿ ಇಡೋಕೆ ಬಂದೋರು ಅಂತ ಮೊದಲು ಅಂದ್ಕೋತಾರೆ, ಇಲ್ಲಿ ಭಾರತೀಯ ಮೂಲದ ವ್ಯಾಪಾರಸ್ತರು ಹಳೇ ಕಾಲದಿಂದ ಇದ್ದಾರೆ. ಮಿಷನರಿ ಅಂದ್ರೆ ಬಿಳಿಯರು ಅನ್ನೋದು ಮಾತ್ರ ಜಾಂಬಿಯಾದಲ್ಲೇ ಸುಳ್ಳಾಗಿದೆ. ಚಿನ್ಸಾಲಿ ಹತ್ರದ ಲುಬ್ವಾದಲ್ಲಿ ಸೇವೆ ಕಟ್ಟಿದ ಡೇವಿಡ್ ಕೌಂಡಾ ಈಗಿನ ಮಲಾವಿಯ ಲಿವಿಂಗ್‌ಸ್ಟೋನಿಯಾ ಮಿಷನ್ನಿಂದ 1904ರಲ್ಲಿ ಬಂದವರು, ಹೆಂಡತಿ ಹೆಲೆನ್ ಕೂಡ ಟೀಚರ್, ಪರದೇಶಕ್ಕೆ ಬಂದ ಮಿಷನರಿ ಕುಟುಂಬನೇ ಅದು. ಅವರಿಗೆ ಪಾಸ್ಟರ್ ಅಭಿಷೇಕ ಆಗಿದ್ದು 1930ರಲ್ಲಿ, ಅಂದ್ರೆ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಮೇಲೆ, ಇದನ್ನ ಕೇಳಿದಾಗ ಹೊಟ್ಟೆ ಉರಿಯುತ್ತೆ. ಅವರ ಎಂಟನೇ ಮಗು ಕೆನೆತ್ ದೇಶದ ಮೊದಲ ಅಧ್ಯಕ್ಷ.

ಇನ್ನೊಬ್ರು ಜೇಕಬ್ ವೇನ್‌ರೈಟ್. ಗುಲಾಮಗಿರಿಯಿಂದ ಬಿಡಿಸಿದ ಆಫ್ರಿಕನ್ ಹುಡುಗ, ಓದಿದ್ದು ನಾಸಿಕ್ ಹತ್ರದ ಮಿಷನ್ ಶಾಲೆಲಿ. 1873ರಲ್ಲಿ ಚಿತಾಂಬೋ ಹಳ್ಳಿಲಿ ಸ್ಕಾಟ್ಲೆಂಡಿನ ಹೆಸರಾಂತ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ತೀರ್ಕೊಂಡಾಗ ಹೃದಯವನ್ನ ಅಲ್ಲೇ ಮರದ ಕೆಳಗೆ ಹೂತು ಪ್ರಾರ್ಥನೆ ಓದಿದ್ದು, ಆ ಮರದ ಮೇಲೆ ಅಕ್ಷರ ಕೆತ್ತಿದ್ದು ಇವನೇ. ಅವರ ಸೇವಕರಾಗಿದ್ದ ಚುಮಾ, ಸೂಸಿ ಮತ್ತವರ ಜೊತೆಗಾರರು ದೇಹ ಹೊತ್ಕೊಂಡು ಸಾವಿರ ಮೈಲಿಗೂ ಜಾಸ್ತಿ ನಡೆದು ಸಮುದ್ರ ಮುಟ್ಟಿಸಿದ್ರು. ಪಠ್ಯಪುಸ್ತಕದಲ್ಲಿ ಲಿವಿಂಗ್‌ಸ್ಟನ್ ಫೋಟೋ ಮಾತ್ರ ಇರುತ್ತೆ.

ಮಕ್ಕಳ ಗತಿ ಏನು? ಅವರ ಓದು ಹಾಳಾಗಲ್ವಾ?

ಈ ಪ್ರಶ್ನೆ ಕೇಳೋ ಅಜ್ಜಿಯರ ಮೇಲೆ ನನಗೆ ಕೋಪ ಇಲ್ಲ, ನಮ್ಮಮ್ಮನೂ ಫೋನ್ ಮಾಡಿದಾಗೆಲ್ಲ ಇದೇ ಕೇಳೋದು. ಈಗ ಅವರು ಬೆಳಗ್ಗೆ ಮನೇಲಿ ನನ್ನ ಹತ್ರ ಓದ್ತಾರೆ, ಮಧ್ಯಾಹ್ನ ಊರಿನ ಮಕ್ಕಳ ಜೊತೆ. ಮಿಷನರಿ ಮಕ್ಕಳಿಗೆ ಅಂತ 1925ರಲ್ಲಿ ಶುರುವಾದ ಸಕೇಜಿ ಅನ್ನೋ ಬೋರ್ಡಿಂಗ್ ಶಾಲೆ ವಾಯವ್ಯದ ಮ್ವಿನಿಲುಂಗಾ ಕಡೆ ಇದೆ, ಒಳ್ಳೇ ಹೆಸರು, ಆದ್ರೆ ಅಷ್ಟು ದೂರ ಕಳಿಸೋಕೆ ನನಗೆ ಮನಸ್ಸಿಲ್ಲ.

ಇದರಲ್ಲಿ ನಾನು ಹಠಮಾರಿ, ಕಾರಣನೂ ಲಿವಿಂಗ್‌ಸ್ಟನ್ನೇ. ಹೆಂಡತಿ ಮೇರಿ ಬಸುರಿ, ಜೊತೆಗೆ ಮೂರು ಚಿಕ್ಕ ಮಕ್ಕಳು, ಎಲ್ಲರನ್ನೂ 1850ರಲ್ಲಿ ಕಲಹಾರಿ ಮರುಭೂಮಿ ದಾಟಿಸಿದ್ರು, ವಾಪಸ್ ಬಂದ ಮೇಲೆ ಹುಟ್ಟಿದ ಮಗು ಉಳೀಲಿಲ್ಲ. ಮುಂದಿನ ವರ್ಷ ಮತ್ತೆ ಬಸುರಿ, ಮತ್ತೆ ಅದೇ ಪ್ರಯಾಣ. 1852ರಲ್ಲಿ ಕುಟುಂಬನ ಬ್ರಿಟನ್ನಿಗೆ ಹಡಗು ಹತ್ತಿಸಿದ ಮೇಲೆ ನಾಲ್ಕು ವರ್ಷ ಮುಖ ನೋಡ್ಲಿಲ್ಲ. ಮೇರಿ 1862ರಲ್ಲಿ ಜಾಂಬೆಜಿ ದಂಡೆಲಿ ಜ್ವರದಿಂದ ತೀರ್ಕೊಂಡ್ರು. ದೊಡ್ಡ ಮನುಷ್ಯ ಇರಬಹುದು, ನನ್ನ ಮಗಳನ್ನ ಅಂಥವರಿಗೆ ಕೊಡ್ತಿರಲಿಲ್ಲ.

ನಿಮ್ಮ ಯಜಮಾನರು ಪಾಠ ಮಾಡ್ತಾರೆ, ನೀವೇನ್ ಮಾಡ್ತೀರಾ?

ಮೇಲೆ ಬರೆದಿದ್ದೆಲ್ಲ ಓದಿ.

ಅದರ ಜೊತೆ ಪಾಸ್ಟರುಗಳ ಹೆಂಡತಿಯರಿಗೆ ಅಕ್ಷರ ಕಲಿಸೋ ಕ್ಲಾಸೂ ಇದೆ. ಗಂಡ ಡಿಪ್ಲೊಮಾ ಮಾಡ್ತಿರ್ತಾನೆ, ಹೆಂಡತಿಗೆ ಹೆಸರು ಬರೆಯೋಕೆ ಬರಲ್ಲ, ಊರಿನ ಹೆಂಗಸರೆಲ್ಲ ಕಷ್ಟ ಹೇಳ್ಕೊಳ್ಳೋದು ಮಾತ್ರ ಅವಳ ಹತ್ರ. ಇಪ್ಪತ್ಮೂರನೇ ಕೀರ್ತನೆನ ಮೊದಲನೇ ಸಲ ಬೆರಳಿಟ್ಟು ತಾನೇ ಓದಿದ ಒಬ್ಬ ಅಮ್ಮ, ಮುಗಿಸಿ ತಲೆ ಎತ್ತಿ, "ಇಷ್ಟೇನಾ? ಪಾಸ್ಟರ್ ಇನ್ನೂ ತುಂಬಾ ಹೇಳ್ತಿದ್ರು" ಅಂದ್ರು.

ಖರ್ಚಿಗೆ ದುಡ್ಡು ಎಲ್ಲಿಂದ?

ತಿಂಗಳಿಗೆ ಇಷ್ಟು ಅಂತ ಕೊಡೋ ಕೆಲವು ಸಭೆಗಳು, ಕೆಲವು ಮನೆಯವರು. ಕಾಲೇಜು ಮನೆ ಕೊಟ್ಟಿದೆ, ಸಂಬಳ ಕೊಡಲ್ಲ. ಇಲ್ಲಿನ ದುಡ್ಡು ಕ್ವಾಚಾ, ಬೆಳಗಾಯ್ತು ಅನ್ನೋ ಅರ್ಥದ ಪದ, 2013ರಲ್ಲಿ ಅದರಿಂದ ಮೂರು ಸೊನ್ನೆ ತೆಗೆದುಹಾಕಿದ್ರು. ರೇಟ್ ಏರಿಳಿಯುತ್ತೆ, ಆದ್ದರಿಂದ ಒಂದು ತಿಂಗಳು ಆರಾಮ, ಇನ್ನೊಂದು ತಿಂಗಳು ಡೀಸೆಲ್ ಲೆಕ್ಕ ಹಾಕ್ಕೊಂಡು ಹಳ್ಳಿಗೆ ಹೋಗೋದು. ವರ್ಷಕ್ಕೊಂದ್ಸಲ ಪೂರ್ತಿ ಲೆಕ್ಕ ಕೊಡೋರಿಗೆಲ್ಲ ಕಳಿಸ್ತೀವಿ, ಎರಡು ಸಹಿ ಹಾಕಿ.

ಒಬ್ಬ ವಿದ್ಯಾರ್ಥಿನ ನಾವು ಸ್ಪಾನ್ಸರ್ ಮಾಡಬಹುದಾ? ಫೋಟೋ, ಹೆಸರು ಕಳಿಸಿ.

ಕೊಡಿ, ಆದ್ರೆ ಕಾಲೇಜ್ ಫಂಡಿಗೆ ಕೊಡಿ, ಫೋಟೋ ಕಳಿಸಲ್ಲ. ಒಂದ್ಸಲ ಮಾಡಿ ನೋಡಿ ಕೈ ಸುಟ್ಕೊಂಡಿದೀವಿ. ಒಬ್ಬನಿಗೆ ಹೊರಗಿಂದ ಪೂರ್ತಿ ಫೀಸ್ ಬಂತು, ಅವನ ಸಭೆಯವರು ಅಲ್ಲಿ ತನಕ ಜೋಳ ಕೊಡ್ತಿದ್ದೋರು "ಈಗ ಅವನಿಗೆ ಬೇರೆಯವರಿದ್ದಾರೆ" ಅಂತ ನಿಲ್ಲಿಸಿಬಿಟ್ರು, ಸ್ಪಾನ್ಸರ್ ಎರಡನೇ ವರ್ಷ ನಿಂತೋಯ್ತು, ಹುಡುಗ ಎರಡೂ ಕಡೆಯಿಂದ ಹೋದ. ಈಗ ಪ್ರತಿ ವಿದ್ಯಾರ್ಥಿಗೂ ಅವನ ಸಭೆ ಏನಾದ್ರೂ ಕೊಡ್ಲೇಬೇಕು, ಐವತ್ತು ಕೆಜಿ ಜೋಳದ ಚೀಲ ಆದ್ರೂ ಸೈ. ಸೈಕಲ್ ಕ್ಯಾರಿಯರಿಗೆ ಚೀಲ ಕಟ್ಕೊಂಡು ಅರವತ್ತು ಕಿಲೋಮೀಟರ್ ತುಳ್ಕೊಂಡು ಬಂದು ಆಫೀಸ್ ಮುಂದೆ ಇಳಿಸೋನ ಮುಖ ನೋಡಬೇಕು ನೀವು.

ಹಳೇ ಬಟ್ಟೆ, ಹಳೇ ಪುಸ್ತಕ ಕಳಿಸಬಹುದಾ?

ಬಟ್ಟೆ ಬೇಡ. ಇಲ್ಲಿ ಅದಕ್ಕೆ "ಸಲೌಲಾ" ಅಂತಾರೆ, ರಾಶಿಲಿ ಕೆದಕಿ ಆರಿಸೋದು ಅಂತ ಅರ್ಥ, ಸಂತೆ ತುಂಬಾ ಅದೇ. 1990ರ ದಶಕದಲ್ಲಿ ಅದು ರಾಶಿ ರಾಶಿ ಬಂದು ಇಲ್ಲಿನ ಬಟ್ಟೆ ಮಿಲ್ಲುಗಳಿಗೆ ದೊಡ್ಡ ಹೊಡೆತ ಬಿತ್ತು.

ಪುಸ್ತಕ ಕೇಳಿ ಕಳಿಸಿ. ಒಂದ್ಸಲ ಒಂದು ಸಭೆಯವರು ಪ್ರೀತಿಯಿಂದ ಹನ್ನೊಂದು ಡಬ್ಬ ಕಳಿಸಿದ್ರು, ಬಿಡಿಸಿಕೊಳ್ಳೋಕೇ ನಮ್ಮ ಒಂದು ತಿಂಗಳ ದುಡ್ಡು ಹೋಯ್ತು, ಒಳಗೆ ಹಳೇ ಕಂಪ್ಯೂಟರ್ ಗೈಡು, ಡಯಟ್ ಪುಸ್ತಕ, ಒಂದೇ ಪ್ರಾರ್ಥನಾ ಪುಸ್ತಕದ ನಲವತ್ತು ಪ್ರತಿ. 70 ಜನ ಆಫ್ರಿಕನ್ ವಿದ್ವಾಂಸರೇ ಸೇರಿ ಬರೆದ ಒಂದೇ ಸಂಪುಟದ ಬೈಬಲ್ ವ್ಯಾಖ್ಯಾನ 2006ರಲ್ಲಿ ಬಂದಿದೆ, ಪದವಿ ತಗೊಳ್ಳೋ ಪ್ರತಿಯೊಬ್ಬರಿಗೂ ಅದೊಂದು ಕೊಡಬೇಕು ಅನ್ನೋದು ನಮ್ಮಾಸೆ. ಆ ಒಂದು ಪ್ರತಿಯ ದುಡ್ಡು ಕಳಿಸಿದ್ರೆ ಹನ್ನೊಂದು ಡಬ್ಬಕ್ಕಿಂತ ಹೆಚ್ಚು.

ಕರೆಂಟು, ಆಸ್ಪತ್ರೆ ಎಲ್ಲಾ ಇದೆಯಾ?

ಕರೆಂಟು ಬಹುಪಾಲು ನೀರಿಂದ, 2024ರಲ್ಲಿ ಬರ ಬಂದು ಕರೀಬಾ ಜಲಾಶಯ ತಳ ಕಂಡಾಗ ದಿನಕ್ಕೆ ಮೂರು ಗಂಟೆ ಬಂದ್ರೆ ಹಬ್ಬ. ಸೋಲಾರ್ ದೀಪದಲ್ಲಿ ಪರೀಕ್ಷೆ ಬರೆಸಿದ್ವಿ. ಮಲೇರಿಯಾ ಬಂದು ಹೋಗುತ್ತೆ, ಬೆರಳಿಗೆ ಚುಚ್ಚಿ ಕಾಲು ಗಂಟೇಲಿ ಹೇಳ್ತಾರೆ, ಮೂರು ದಿನದ ಮಾತ್ರೆ.

ನಾವೊಂದು ಟೀಮ್ ಮಾಡ್ಕೊಂಡು ಹತ್ತು ದಿನ ಬರಬಹುದಾ?

ಬನ್ನಿ, ಆದ್ರೆ ಬಣ್ಣ ಹೊಡೆಯೋಕೆ ಬರಬೇಡಿ, ಇಲ್ಲಿ ಬಣ್ಣ ಹೊಡೆಯೋರಿದ್ದಾರೆ, ಅವರಿಗೆ ಕೆಲಸ ಬೇಕು. ಅಕೌಂಟ್ಸ್ ಗೊತ್ತಿರೋರು, ಗ್ರೀಕ್ ಕಲಿಸೋರು, ಸೋಲಾರ್ ರಿಪೇರಿ ಬರೋರು ಇದ್ರೆ ಮೊದಲು ಪ್ರಿನ್ಸಿಪಾಲರಿಗೆ ಬರೀರಿ. ಅವರು ಬೇಡ ಅಂದ್ರೆ ಬೇಡ, ನನ್ನ ಹತ್ರ ಶಿಫಾರಸಿಗೆ ಬರಬೇಡಿ.

ಇಷ್ಟು ವರ್ಷದಲ್ಲಿ ಎಷ್ಟು ಆತ್ಮಗಳು ರಕ್ಷಣೆ ಆದವು?

ಎಣಿಸೋದು ನಮ್ಮ ಕೆಲಸ ಅಲ್ಲ. ಮುಂದಿನ ಪ್ರಶ್ನೆ.

ವಾಪಸ್ ಯಾವಾಗ ಬರ್ತೀರಾ?

ನಮ್ಮ ಕುರ್ಚಿಲಿ ಇಲ್ಲಿಯವರು ಕೂತ ಮೇಲೆ. ಮಾರ್ಕನ ಸುವಾರ್ತೆ ಕ್ಲಾಸ್ ಈ ವರ್ಷದಿಂದ ನಮ್ಮ ಹಳೇ ವಿದ್ಯಾರ್ಥಿ ಒಬ್ರು ತಗೊಂಡಿದ್ದಾರೆ, ಬೆಂಬಾದಲ್ಲೇ ಮಾಡ್ತಾರೆ. ಮೊದಲ ದಿನ ನಮ್ಮನೆಯವರು ಧೈರ್ಯಕ್ಕೆ ಇರಲಿ ಅಂತ ಹಿಂದಿನ ಬೆಂಚಲ್ಲಿ ಕೂತಿದ್ರು. ಮನೆಗೆ ಬಂದು ಚಹಾ ಕುಡೀತಾ, "ನನ್ನ ನೋಟ್ಸ್ ಅರ್ಧ ಬಿಟ್ಬಿಟ್ಟ" ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ, "ಬಿಟ್ಟಿದ್ದು ಸರಿಯಾದ ಅರ್ಧನೇ" ಅಂದ್ರು. ಯೋಬ ಇನ್ನೂ ನನ್ನ ಹತ್ರ ಇದೆ, ಅದನ್ನ ಹಿಂದಿನ ಬೆಂಚಿನ ಆ ಪಾಸ್ಟರಿಗೇ ಕೊಡಿ ಅಂತ ಪ್ರಿನ್ಸಿಪಾಲರಿಗೆ ಹೇಳಿದೀನಿ, ಕೊಯ್ಲು ಮುಗಿದ ಮೇಲೆ ನೋಡೋಣ ಅಂದಿದ್ದಾರೆ.